ಹಗೇವಿನ ಬಯಲು

ಊರು ಬೆಳೆಯುವುದು ಅಂಚಿನಿಂದ. ಊರೊಳಗೆ ಕಟ್ಟೆಯ ಮೇಲೆ ಕುಳಿತವರಿಗೆ ಇದು ಕಾಣುವುದಿಲ್ಲ. ಬಸ್ಸಿನ ಹಿಂಬಾಗಿಲಲ್ಲಿ ನಿಂತವನಿಗೆ ಕಾಣುತ್ತದೆ. ತ್ರ್ಯಂಬಕ ಜೋಶಿ ಅಂಥ ಬಾಗಿಲಲ್ಲಿ ನಿಂತು ವರ್ಷಗಳಾಗಿದ್ದವು. ರಾಮದುರ್ಗದಿಂದ ನಸುಕಿಗೆ ಹೊರಟು ಕಟಕೋಳ, ಸವದತ್ತಿ, ಬೈಲಹೊಂಗಲ ದಾಟಿ ಕಿತ್ತೂರು ಮುಟ್ಟಿ, ಇಳಿಹೊತ್ತಿಗೆ ಅದೇ ಧೂಳನ್ನು ಮತ್ತೊಮ್ಮೆ ಕುಡಿದು ಮರಳುವ ಬಸ್ಸಿಗೆ ಅವನು ಕಂಡಕ್ಟರ್. ರಹಿಮಾನಸಾಬ ಡ್ರೈವರ್. ಜೋಶಿ ಮನೆತನದ ಹೊಲಗಳು ಉಳುವವರ ಪಾಲಾದ ಮೇಲೆ ಪಂಚಾಂಗ ಬಿಟ್ಟು ಟಿಕೀಟು ಹರಿಯಲು ಬಂದವನು ಎಂದು ರಹಿಮಾನಸಾಬ ಅವನನ್ನು ಕೆಣಕುತ್ತಿದ್ದ.

"ನಿಮ್ಮಪ್ಪಾರು ಮಂದಿಗೆ ಸ್ವರ್ಗಕ್ಕ ಟಿಕೀಟ ಕೊಡ್ತಿದ್ರು. ನೀ ಕಟಕೋಳಕ್ಕ ಕೊಡ್ತೀ. ಅಷ್ಟ ಫರಕು."

"ನಾ ಕೊಟ್ಟ ಟಿಕೀಟಿನವರು ಮುಟ್ಟೂದನ್ನ ಕಣ್ಣಾರೆ ನೋಡೇನಿ, ಚಾಚಾ."

ಆ ವರ್ಷ ತ್ರ್ಯಂಬಕ ದಾರಿಯ ಎಲ್ಲ ಊರುಗಳ ಅಂಚನ್ನು ಹೆಣ್ಣು ನೋಡಲು ಬಂದವನ ಹಾಗೆ ನೋಡುತ್ತಿದ್ದ. ಬೈಲಹೊಂಗಲದಲ್ಲಿ ಅರಳೆ ಪೇಟೆಯ ಆಚೆ ವ್ಯಾಪಾರಿಗಳು ಸಿಮೆಂಟಿನ ಮನೆ ಕಟ್ಟುತ್ತಿದ್ದರು. ಮಾಳಿಗೆಯ ಮೇಲೆ ಮಾಳಿಗೆ, ಮುಂದೆ ಬಣ್ಣದ ಜಾಳಿಗೆ. ಜಿನ್ನಿಂಗ್ ಗಿರಣಿಯ ನೂಲಿನಂಥ ಧೂಳು ಆ ಬಣ್ಣಗಳ ಮೇಲೆ ಬೂಷ್ಟಿನಂತೆ ಕೂತಿರುತ್ತಿತ್ತು. ಸವದತ್ತಿಯ ಗುಡ್ಡದ ಕೆಳಗೆ ಡ್ಯಾಮಿನ ನೀರಿಗೆ ಮನೆ ಕೊಟ್ಟು ಬಂದವರ ಸಾಲುಮನೆಗಳಿದ್ದವು. ಗೋಡೆ ಹೊಸದು, ಬಾಗಿಲು ಮಾತ್ರ ಮುಳುಗಿದ ಊರಿಂದ ಕಿತ್ತು ತಂದದ್ದು. ಕೆತ್ತನೆಯ ಆ ದೊಡ್ಡ ಚೌಕಟ್ಟುಗಳು ಗೇಣುದ್ದದ ಗೋಡೆಗಳಲ್ಲಿ, ಮಗನ ಅಂಗಿಯೊಳಗೆ ತುರುಕಿದ ತಂದೆಯಂತೆ ಉಸಿರುಗಟ್ಟಿ ನಿಂತಿದ್ದವು. ಕಿತ್ತೂರು ಕೋಟೆಗೆ ಬೆನ್ನು ತಿರುಗಿಸಿ ಹೆದ್ದಾರಿಯ ಕಡೆಗೆ ಸರಿದಿತ್ತು. ಚಹಾದಂಗಡಿ, ಪಂಕ್ಚರ್ ಅಂಗಡಿ, ಅವುಗಳ ಹಿಂದೆ ಮನೆ. ಎಲ್ಲ ಕಡೆ ಮಾತು ಒಂದೇ: ಬೆಳಗಾವಿಯ ಟಿಳಕವಾಡಿಯ ಹಾಗೆ ಆಗಬೇಕು. ಮನೆಗೊಂದು ಕಾಂಪೌಂಡು, ಕಾಂಪೌಂಡಿಗೊಂದು ಗೇಟು, ಗೇಟಿನ ಮೇಲೆ ಹೆಸರು.

ನೋಡುವುದಕ್ಕೆ ಕಾರಣ ಅವನ ಹೆಂಡತಿ ಶಾಂತಾಬಾಯಿ. ರಾಮದುರ್ಗದ ಜೋಶಿ ಓಣಿಯಲ್ಲಿ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಇವರ ಗೋಡೆಯೇ ಅವರ ಗೋಡೆ; ಕಿಟಕಿ ಇಡಲು ಬದಿಯೇ ಇಲ್ಲ. ಒಳಗಿನ ಖೋಲಿಗೆ ಬೆಳಕು ಬರುವುದು ಮಾಳಿಗೆಯಲ್ಲಿನ ಒಂದು ಬೆಳಕಿಂಡಿಯಿಂದ. ಮಳೆ ಬಂದರೆ ಅದಕ್ಕೂ ಕಲ್ಲು ಮುಚ್ಚಬೇಕು. ಆ ಖೋಲಿಯಲ್ಲೇ ಶಾಂತಾ ಎರಡು ಸಲ ಹಡೆದಿದ್ದಳು. ಒಂದು ಕೂಸು ಹೆಸರಿಡುವ ಮೊದಲು ಹೋಯಿತು. ಇನ್ನೊಂದು ಕೂಸು, ಅದರ ತಲೆಗೆ ಕುಂಚಿಗೆ ಹೊಲಿಯುವ ಮೊದಲು. ಎರಡೂ ಸಲ ಕೆಮ್ಮಿ ಕೆಮ್ಮಿ. ತಂಪು, ಹೊಗೆ, ಗಾಳಿ ಇಲ್ಲ ಎಂದು ದವಾಖಾನೆಯವರು ಹೇಳಿದರು. ಮೂರನೆಯದು ನಿಂತಾಗ ಅವಳು ಗಂಡನ ಮುಂದೆ ತಾಟು ಇಟ್ಟು ಹೇಳಿದಳು:

"ಈ ಸಲ ಕಿಟಕಿ ಇದ್ದ ಖೋಲಿಯೊಳಗ ಹಡೀತೇನಿ. ಇಲ್ಲಂದ್ರ ರಸ್ತಾದ ಮ್ಯಾಲೆ ಹಡೀತೇನಿ. ಈ ಖೋಲಿಗೆ ಮತ್ತ ಕೂಸು ಕೊಡೂದಿಲ್ಲ."

ಗೋಡೆಯ ಆಚೆಯಿಂದ ಮಥುರಾ ಕಾಕು ಒರಳುಕಲ್ಲಿನ ಗುಂಡಿನಿಂದ ಎರಡು ಸಲ ಬಡಿದಳು. ಮಥುರಾಬಾಯಿ ತ್ರ್ಯಂಬಕನ ಕಾಕಾನ ವಿಧವೆ. ಅದೇ ಮನೆಯ ಇನ್ನೊಂದು ಪಾಲಿನಲ್ಲಿ ಇರುವವಳು. ಓಣಿಯಲ್ಲಿ ಗೋಡೆ ಬಡಿಯುವುದು ಒಂದು ಭಾಷೆ. ಒಂದು ಸಲ ಬಡಿದರೆ ಮೊಸರಿಗೆ ಹೆಪ್ಪು ಬೇಕು, ಎರಡು ಸಲ ಬಡಿದರೆ ಕೇಳಿಸಿತು, ಬಿಡದೆ ಬಡಿದರೆ ಓಡಿ ಬಾ. ಎರಡು ಹೆರಿಗೆಗೂ ಶಾಂತಾ ಬಿಡದೆ ಬಡಿದಿದ್ದಳು, ಸಾಲುಮನೆಯ ಹೆಂಗಸರೆಲ್ಲ ಬಂದಿದ್ದರು. ಎರಡು ಸಾವಿಗೂ ಅಷ್ಟೇ ಬೇಗ ಬಂದಿದ್ದರು.

"ಕೇಳಿಸ್ತಂತ ಕಾಕುಗ," ಎಂದ ತ್ರ್ಯಂಬಕ, ನಗಲು ನೋಡುತ್ತ.

"ಕೇಳಿಸಲಿ. ಆಕಿ ಕೇಳಲಾರದ ಮನಿ ಬೇಕು ನನಗ."

ಕೊನೆಗೆ ಜಾಗ ಸಿಕ್ಕಿದ್ದು ದೂರದಲ್ಲಲ್ಲ. ರಾಮದುರ್ಗದ್ದೇ ಅಂಚಿನಲ್ಲಿ, ಕಟಕೋಳದ ರಸ್ತೆಗೆ ಅಂಟಿ ಒಂದು ಬೆಳ್ಳನೆಯ ಗಟ್ಟಿ ನೆಲ ಇತ್ತು. ಹೊಳೆಯ ನೀರು ಏರದ ಎತ್ತರ. ಅದಕ್ಕೆಂದೇ ಹಿಂದಿನವರು ಅಲ್ಲಿ ಹಗೇವು ತೋಡಿದ್ದರು. ಜೋಳ ತುಂಬಿಡುವ ನೆಲದೊಳಗಿನ ಕಣಜ ಅದು. ಮೇಲೆ ಮನುಷ್ಯನೊಬ್ಬ ಇಳಿಯುವಷ್ಟು ಕೊರಳು, ಕೆಳಗೆ ಹಂಡೆಯಂತೆ ಉಬ್ಬಿದ ಹೊಟ್ಟೆ, ಸುತ್ತ ಹುಲ್ಲಿನ ಮೆತ್ತೆ, ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಸಣ್ಣವನಿದ್ದಾಗ ತ್ರ್ಯಂಬಕ ತಮ್ಮ ಹಗೇವು ತೆಗೆಯುವುದನ್ನು ನೋಡಿದ್ದ. ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಂದು ದಿನ ಬಾಯಿ ತೆರೆದು ಬಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. "ಒಳಗಿನ ಝಳ ಅಂದ್ರ ಕೆಟ್ಟ ಗಾಳಿ, ಕಣ್ಣಿಗೆ ಕಾಣೂದಿಲ್ಲ, ತಮ್ಮಾ," ಎಂದು ಅಪ್ಪ ಅವನ ಕೈ ಹಿಡಿದು ಹಿಂದೆ ಎಳೆದಿದ್ದ.

ಈಗ ಹೈಬ್ರಿಡ್ ಜೋಳ ಬಂದಿತ್ತು. ಅದು ಹಗೇವಿನಲ್ಲಿ ತಾಳುವುದಿಲ್ಲ, ನುಸಿ ಹಿಡಿಯುತ್ತದೆ. ಜೋಶಿಯವರಿಗಂತೂ ತುಂಬಲು ಪಾಲಿನ ಜೋಳವೇ ಬರುತ್ತಿರಲಿಲ್ಲ. ಬಯಲನ್ನು ಅಳೆದು ಪ್ಲಾಟು ಮಾಡಿದರು; ಹಗೇವಿದ್ದ ಮನೆತನಗಳಿಗೆ ಅವರವರ ಜಾಗ ಮೊದಲು. ಕೊಂಡವರಲ್ಲಿ ಹೆಚ್ಚಿನವರು ಹೊರಗಿನಿಂದ ನೌಕರಿಗೆ ಬಂದವರು. ಹಗೇವಿನ ಬಯಲು ಎಂಬ ವಿಳಾಸ ಬರೆಯಲು ಅವರಿಗೆ ನಾಚಿಕೆ. ಒಂದು ಹಲಗೆ ನೆಟ್ಟರು: ವಿದ್ಯಾನಗರ.

ಎಲ್ಲರ ಹಗೇವುಗಳನ್ನೂ ಗರಸು ಮಣ್ಣು ಸುರಿದು ತುಂಬಿದರು. ಜೋಶಿಯವರದೊಂದು ಉಳಿಯಿತು. ಅದು ಉಳಿದದ್ದು ಹೀಗೆ.

ಗೌಂಡಿ ಗಂಗಪ್ಪ ಪಾಯ ತೆಗೆಯುವಾಗ ಹಿತ್ತಿಲ ಮೂಲೆಯಲ್ಲಿ ಬಾಯಿಗಲ್ಲು ಸಿಕ್ಕಿತು. ಸರಿಸಿ ನೋಡಿದರೆ ಒಳಗೆ ಕತ್ತಲು, ಹಳೆಯ ಹುಲ್ಲಿನ ವಾಸನೆ. ತುಂಬಿಸಲು ಗಾಡಿಗೆ ಹೇಳಿ ಕಳಿಸುತ್ತೇನೆ ಎಂದು ಅವನು ಎದ್ದು ನಿಂತಾಗ, ಶಾಂತಾಳ ಜೊತೆ ಮನೆ ನೋಡಲು ಬಂದಿದ್ದ ಮಥುರಾ ಕಾಕು ಕೋಲನ್ನು ಅಡ್ಡ ಹಿಡಿದಳು.

"ಏನ ತುಂಬತೀಯೋ?"

"ಗರಸುರಿ, ಅಮ್ಮಾರ."

"ಅನ್ನ ತುಂಬಿದ ಹೊಟ್ಟಿಗೆ ಮಣ್ಣು ತುಂಬತಾರೇನೋ? ಇವರಜ್ಜ ಇದರಾಗಿಂದ ಉಂಡಾನ, ಇವರಪ್ಪ ಉಂಡಾನ, ಇವನೂ ಉಂಡಾನ. ಬರಗಾಲದಾಗ ಓಣಿಗೆ ಓಣಿ ಉಂಡೈತಿ ಅಂತ ನಮ್ಮತ್ತಿ ಹೇಳ್ತಿದ್ಲು. ಅದೂ ಮನ್ಯಾಗ ಬಸರಿ ಹೆಂಗಸು ನಿಂತಾಗ!"

ಗಂಗಪ್ಪ ಕೈ ಝಾಡಿಸಿ ನಕ್ಕ. "ಇದು ಹೊಟ್ಟಿ ಅಲ್ರಿ ಅಮ್ಮಾರ, ತೆಗ್ಗು. ಗಟ್ಟಿಸಿ ತುಂಬಿದ್ರ ನಿಮ್ಮ ಮೊಮ್ಮಕ್ಕಳು ಇದರ ಮ್ಯಾಲೆ ಕುಣದಾಡ್ತಾವ."

"ಬಾಯಾಗ ಬಂಗಾರ ಹಾಕ್ಲಿ. ಕುಣಿಯೂ ಮೊಮ್ಮಕ್ಕಳು ಎರಡು ಹೋಗ್ಯಾವ, ಗೊತ್ತದೇನು ನಿನಗ?"

ತ್ರ್ಯಂಬಕ ಜನಿವಾರವನ್ನು ಗೂಟಕ್ಕೆ ಹಾಕಿದವನು. ಶ್ರಾದ್ಧಕ್ಕೆ ರಜೆ ಕೇಳದವನು. ಬಸ್ಸು ನಿಂತಲ್ಲೆಲ್ಲ, ಎಲ್ಲೆಲ್ಲಿಯದೋ ದೇಶಗಳ ಕತೆಗಳನ್ನು ಅಂಗಿಯ ಕಿಸೆಯಿಂದ ತೆಗೆದು ಓದುವವನು. ಇಂಥ ಮಾತನ್ನು ಕಿತ್ತೂರಿನ ಚಹಾದಂಗಡಿಯಲ್ಲಿ ಕೇಳಿದ್ದರೆ ಗಹಗಹಿಸಿ ನಗುತ್ತಿದ್ದ. ಆದರೆ ಮನುಷ್ಯ ದೇವರನ್ನು ಬಿಡುವಷ್ಟು ಸಲೀಸಾಗಿ ಹೆದರಿಕೆಯನ್ನು ಬಿಡಲಾರ. ಅವನು ಶಾಂತಾಳ ಮುಖ ನೋಡಿದ. ಆ ಓಣಿಯನ್ನೂ ಆ ಗೋಡೆಯನ್ನೂ ಆ ಮುದುಕಿಯ ಮಾತನ್ನೂ ಬಿಟ್ಟು ಬರಲು ಹಟ ಹಿಡಿದವಳು ಅವಳು. ಅವಳ ಕೈ ಹೊಟ್ಟೆಯ ಮೇಲಿತ್ತು.

"ಬ್ಯಾಡ್ರಿ," ಎಂದಳು ಅವಳು, ಯಾರ ಕಡೆಗೂ ನೋಡದೆ. "ಮಣ್ಣು ಬ್ಯಾಡ. ಮುಚ್ಚಿ ಬಿಡ್ರಿ."

ಅವಳೇ ಹೇಳಿದ್ದು ಅವನಿಗೆ ಎಷ್ಟು ಹಗುರವೆನಿಸಿತೆಂದರೆ, ಕೂಡಲೇ ಗಂಗಪ್ಪನ ಕಡೆ ತಿರುಗಿ, "ಕಲ್ಲು ಮುಚ್ಚು. ಮ್ಯಾಲೆ ಗಚ್ಚು ಹಾಕು," ಎಂದ.

"ಸಾಹೇಬ್ರ, ಪೊಳ್ಳು ಇಟ್ಟು ಕಟ್ಟಬಾರದ್ರಿ."

"ಖೋಲಿ ಅದರ ಮ್ಯಾಲೆ ಬರೂದಿಲ್ಲಲ್ಲ?"

"ಖೋಲಿ ಬರೂದಿಲ್ಲ. ಮೂಲ್ಯಾಗ ಬಚ್ಚಲ ಬರತೈತಿ. ಈ ಬಾಯಿಗಲ್ಲ ಹಾಸಗಲ್ಲು ಆಗತೈತಿ ಅಂತ ಅಲ್ಲೇ ಮಾಡೂದಾದ್ರ."

"ಮಾಡು."

ಮನೆ ಎದ್ದಿತು. ಸಣ್ಣದು, ಎರಡು ಖೋಲಿ, ಒಂದು ಪಡಸಾಲೆ. ರಸ್ತೆಯ ಕಡೆಗೆ ದೊಡ್ಡ ಕಿಟಕಿ. ಶಾಂತಾ ಅದರ ಕಟ್ಟೆಯ ಮೇಲೆ ಅಂಗೈ ಇಟ್ಟು ಬಿಸಿಲನ್ನು ಮುಟ್ಟಿ ನೋಡುತ್ತಿದ್ದಳು. ಆ ಖೋಲಿಯಲ್ಲೇ ಹಡೆದಳು. ಹೆಣ್ಣು. ಕೂಸು ಕೆಮ್ಮಲಿಲ್ಲ. ಕುಂಚಿಗೆ ಹೊಲಿದರು, ಅದಕ್ಕೆ ಕುಂಚಿಗೆ ಸಣ್ಣದಾಯಿತು, ಇನ್ನೊಂದು ಹೊಲಿದರು. ಮುದಕವ್ವ ಎಂಬ ಸೂಲಗಿತ್ತಿ ದಿನಾ ಬಂದು ಹಂಡೆಗಟ್ಟಲೆ ಕಾಯ್ದ ನೀರನ್ನು ತಾಯಿಗೂ ಮಗಳಿಗೂ ಸುರಿದು ಹೋಗುತ್ತಿದ್ದಳು. ಬಾಣಂತಿಯ ನೀರು ಗಚ್ಚಿನ ಸೀಳಿನಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಬಚ್ಚಲಲ್ಲಿ ನೀರು ನಿಲ್ಲದೆ ಹೋದರೆ ಅದು ಒಳ್ಳೆಯ ಬಚ್ಚಲು ಎಂದೇ ಎಲ್ಲರೂ ತಿಳಿಯುತ್ತಾರೆ.

ಮೊದಮೊದಲು ಶಾಂತಾ ಮರೆತು ಗೋಡೆ ಬಡಿಯುತ್ತಿದ್ದಳು. ಸೌಟಿನಿಂದ ಒಂದು ಸಲ. ಆಚೆ ಗೋಡೆಯ ಬೆನ್ನಿಗೆ ಬಯಲು ಗಾಳಿ. ಆಮೇಲೆ ತಾನೇ ನಗುವಳು. ಪಕ್ಕದ ಮನೆ ಸಾಲಿ ಇನ್‌ಸ್ಪೆಕ್ಟರ್ ರಘೋತ್ತಮರಾಯರದು. ಎರಡು ಕಾಂಪೌಂಡುಗಳ ನಡುವೆ ಎತ್ತಿನ ಗಾಡಿ ತಿರುಗುವಷ್ಟು ಜಾಗ. ಅವರ ಹೆಂಡತಿ ತಾರಾಬಾಯಿ ಒಮ್ಮೆ ಅರಿಷಿಣ ಕುಂಕುಮಕ್ಕೆ ಕರೆದಾಗ ಹೇಳಿದ್ದರು: "ಇಲ್ಲಿ ಛಲೋ ಅದ ನೋಡ್ರಿ. ಓಣಿಯೊಳಗಿನಂಗ ಒಬ್ಬರ ಮನ್ಯಾಗ ಒಬ್ಬರು ಇಣಕೂ ಚಟಾ ಇಲ್ಲ. ಕರದ್ರ ಹೋಗೂದು, ಇಲ್ಲಂದ್ರ ಇಲ್ಲ."

ಬಸ್ಸು ಹೋಗುವಾಗಲೂ ಬರುವಾಗಲೂ ಶಾಂತಾ ಕೂಸನ್ನೆತ್ತಿ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ರಹಿಮಾನಸಾಬ ಹಾರ್ನು ಒತ್ತುತ್ತಿದ್ದ. "ನಿನ್ನ ಮಗಳು ದೊಡ್ಡಾಕಿ ಆಗಿ ಹಾರ್ನಿಗೇ ಅಪ್ಪಾ ಅಂತಾಳ ನೋಡು," ಎಂದು ಒದರುತ್ತಿದ್ದ. ತ್ರ್ಯಂಬಕ ಹಿಂಬಾಗಿಲಿನಿಂದ ಕೈ ಎತ್ತುತ್ತಿದ್ದ. ತನ್ನ ಜೀವನದಲ್ಲಿ ಯಾವುದೋ ಒಂದು ಲೆಕ್ಕ ಸರಿಹೋಗಿದೆ ಎಂದು ಆಗ ಅವನಿಗೆ ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೇ ಒಳಗೊಳಗೆ ಅಂಜುತ್ತಿದ್ದ.

ಮುದಕವ್ವ ಬರುವುದು ನಿಂತ ಮೇಲೆ ಒಂದು ದಿನ, ಇಳಿಹೊತ್ತಿನಲ್ಲಿ, ಬಸ್ಸು ಕಟಕೋಳದಿಂದ ಬರುತ್ತಿತ್ತು. ರಹಿಮಾನಸಾಬ ಹಾರ್ನು ಒತ್ತಿದ. ಕಿಟಕಿ ತೆರೆದೇ ಇತ್ತು. ಅದರಲ್ಲಿ ಯಾರೂ ಇರಲಿಲ್ಲ. ಬಸ್ಸು ಮನೆಯನ್ನು ದಾಟಿತು. ಇಂಜಿನ್ನಿನ ಸದ್ದಿನೊಳಗಿಂದ ಒಂದು ಅಳು ಎಳೆ ಎಳೆಯಾಗಿ ಬಂತು. ಅತ್ತು ಅತ್ತು ದನಿ ಬಿದ್ದ ಕೂಸಿನ ಅಳು. ತ್ರ್ಯಂಬಕ ಗಂಟೆಯ ಹಗ್ಗವನ್ನು ಬಿಡದೆ ಎಳೆದ.

ಗೇಟಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕಾಂಪೌಂಡಿನ ಹೊರಗೆ ತಾರಾಬಾಯಿ ಸೆರಗು ಹೊದ್ದು ನಿಂತಿದ್ದರು.

"ಮುಂಜಾನಿಂದ ಅಳಲಿಕ್ಕೆ ಹತ್ಯದರಿ. ತಾಯಿ ಒಳಗ ಇರಬೇಕು ಅಂತ ಸುಮ್ಮನಿದ್ದೆ. ಕರೀಲಾರದ ಹ್ಯಾಂಗ ಒಳಗ..."

ಅವನು ಗೇಟು ಹಾರಿದ. ಕೂಸು ತೊಟ್ಟಿಲಲ್ಲಿ ಒದ್ದೆಯಾಗಿ, ಕೆಂಪಾಗಿ, ಜೀವಂತವಾಗಿ ಇತ್ತು. ಹಿತ್ತಿಲ ಮೂಲೆಯಲ್ಲಿ ಬಚ್ಚಲು ಇರಲಿಲ್ಲ. ಗಚ್ಚು ಒಳಗೆ ಕುಸಿದು, ಹಾಸುಗಲ್ಲು ಒಂದು ಮಗ್ಗುಲಾಗಿ ಜಾರಿ, ನೆಲ ಬಾಯಿ ತೆರೆದಿತ್ತು. ಅಂಚಿನಲ್ಲಿ ಅವಳ ಒಣ ಸೀರೆ ಮಡಿಕೆಯಾಗಿ ಕೂತಿತ್ತು.

"ಶಾಂತಾ!"

ಕೊಳೆತ ಹುಲ್ಲಿನ ವಾಸನೆಯೊಂದೇ ಮೇಲೆ ಬಂತು.

ಹಗ್ಗ ಬೇಕಾಗಿತ್ತು. ಬಸ್ಸಿನ ಮಂದಿ ಮನೆಮನೆಗೆ ಓಡಿದರು. ವಿದ್ಯಾನಗರದಲ್ಲಿ ಯಾರ ಮನೆಯಲ್ಲೂ ಬಾವಿ ಹಗ್ಗ ಇರಲಿಲ್ಲ. "ನಮ್ಮಲ್ಲಿ ನಳ ಅದರಿ," ಎಂದರು ಒಬ್ಬರು, ಕ್ಷಮೆ ಕೇಳುವವರ ಹಾಗೆ. ಕಂದೀಲೂ ಇರಲಿಲ್ಲ; ಲೈಟು ಇತ್ತು. ಓಣಿಯಲ್ಲಿ ಆಗಿದ್ದರೆ ಪ್ರತಿ ಗೂಟಕ್ಕೂ ಒಂದು ಹಗ್ಗ, ಪ್ರತಿ ಗೂಡಿಗೂ ಒಂದು ಕಂದೀಲು. ಓಣಿಯಲ್ಲಿ ಆಗಿದ್ದರೆ, ಮೊದಲನೆಯ ಅಳುವಿಗೇ ಗೋಡೆಯ ಆಚೆಯಿಂದ ಮುದುಕಿ ಬಡಿದಿರುತ್ತಿದ್ದಳು. ಈ ಯೋಚನೆ ತ್ರ್ಯಂಬಕನ ತಲೆಯಲ್ಲಿ ಮೂಡಿತು, ಅವನು ಅದನ್ನು ಒದ್ದು ಹೊರಹಾಕಿದ, ಅದು ಮತ್ತೆ ಬಂದು ಕೂತಿತು.

ರಹಿಮಾನಸಾಬ ಬಸ್ಸಿನ ಟಾಪಿನ ಮೇಲೆ ಸಾಮಾನು ಬಿಗಿದ ಹಗ್ಗ ಬಿಚ್ಚಿ ತಂದ. ತ್ರ್ಯಂಬಕ ಅದನ್ನು ಕಸಿದು ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ. ರಹಿಮಾನಸಾಬ ಅವನ ಮುಂಗೈ ಹಿಡಿದ.

"ತಡಿ. ಮೊದಲ ಬೆಂಕಿ."

"ಆಕಿ ಒಳಗ ಇದ್ದಾಳೋ!"

"ಗೊತ್ತೈತಿ. ಮೊದಲ ಬೆಂಕಿ."

ಹಗ್ಗದ ತುದಿಗೆ ಬಟ್ಟೆಯ ಉಂಡೆ ಕಟ್ಟಿ, ಬಸ್ಸಿನ ಡಬ್ಬಿಯ ಡೀಸೆಲ್ಲಿನಲ್ಲಿ ಅದ್ದಿ, ಕಡ್ಡಿ ಗೀರಿ ಇಳಿಬಿಟ್ಟ. ಬೆಂಕಿ ಕೊರಳನ್ನು ದಾಟುವವರೆಗೆ ಉರಿಯಿತು. ಹೊಟ್ಟೆಯ ಬಾಯಿಗೆ ಹೋದ ಕೂಡಲೇ, ಯಾರೋ ಬೆರಳಿನಿಂದ ಹಿಸುಕಿದ ಹಾಗೆ ಆರಿತು.

ಆ ಬೆಂಕಿ ಆರಿದ್ದರ ಅರ್ಥ ತ್ರ್ಯಂಬಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಂದು ಹಿಡಿದ ಕೈಯನ್ನು ಅಪ್ಪ ಇನ್ನೂ ಹಿಂದೆ ಎಳೆಯುತ್ತಿದ್ದ ಹಾಗಿತ್ತು. ಆದರೂ ಮುಂದೆ ನುಗ್ಗಿದ. ರಹಿಮಾನಸಾಬ ಅವನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತ. ಮುದುಕನ ಗಡ್ಡದಿಂದ ಬೆವರು ಅವನ ಮುಖಕ್ಕೆ ತೊಟ್ಟಿಕ್ಕುತ್ತಿತ್ತು.

"ಬೈ ನನಗ. ಹೊಡಿ ಬೇಕಾದ್ರ. ಅಲ್ಲಿ ಕೂಸು ಐತಿ, ಕೇಳಸ್ತದೇನು? ಅದಕ್ಕ ಒಬ್ಬರರ ಉಳೀಬೇಕು."

ಬೇವಿನ ಟೊಂಗೆಗಳನ್ನು ಮುರಿದು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಸಿ ಎಳೆದರು, ಇಳಿಸಿ ಎಳೆದರು. ಕೆಟ್ಟ ಗಾಳಿಯನ್ನು ಹೊರಗೆ ಹಾಕುವ ಹಳೆಯ ರೀತಿ ಅದು. ಹೊಲದಿಂದ ಬಂದ ಇಬ್ಬರು ಮುದುಕರಿಗೆ ಮಾತ್ರ ಅದರ ಲಯ ತಿಳಿದಿತ್ತು. ಇನ್‌ಸ್ಪೆಕ್ಟರು ಅಂಗಿಯ ತೋಳು ಮಡಚಿ ಅವರ ಜೊತೆ ಎಳೆದರು. ತಾರಾಬಾಯಿ ಕೂಸನ್ನು ಎತ್ತಿಕೊಂಡಿದ್ದರು. ಅಳುವುದಕ್ಕೆ ಅದರಲ್ಲಿ ಬಲ ಉಳಿದಿರಲಿಲ್ಲ. ಮೂರನೆಯ ಬೆಂಕಿ ತಳ ಮುಟ್ಟಿ ಉರಿಯಿತು. ಆಗ ಹಗ್ಗ ಕಟ್ಟಿ ಇಳಿಬಿಟ್ಟರು ಅವನನ್ನು.

ಶಾಂತಾ ತಳದಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಬೇಸತ್ತು ಕೂತವಳ ಹಾಗೆ. ಮೈ ತಣ್ಣಗಿತ್ತು. ತಾಮ್ರದ ತಂಬಿಗೆ ಅವಳ ಬಲಗೈಯಲ್ಲಿತ್ತು, ತಂಬಿಗೆಯ ಬಾಯಿ ಜಜ್ಜಿಹೋಗಿತ್ತು. ಪಕ್ಕದ ಗೋಡೆಯ ಮಣ್ಣಿನಲ್ಲಿ, ಕೈಗೆ ನಿಲುಕುವಷ್ಟು ಎತ್ತರದಲ್ಲಿ, ಹಸಿ ಗಾಯಗಳಂತೆ ಅರ್ಧಚಂದ್ರದ ಗುರುತುಗಳಿದ್ದವು. ಬಿಡದೆ ಬಡಿದಿದ್ದಳು. ತ್ರ್ಯಂಬಕ ಮೇಲೆ ನೋಡಿದ. ದುಂಡನೆಯ ಬೆಳಕು ಕಾಣಿಸಿತು. ಜೋಶಿ ಓಣಿಯ ಖೋಲಿಯ ಬೆಳಕಿಂಡಿಯಷ್ಟೇ ಇತ್ತು.

ಸಂಜೆಯ ಹೊತ್ತಿಗೆ ಮಥುರಾ ಕಾಕು ಬಂದಳು. ಅತ್ತಳು, ಆದರೆ ಹಗೇವಿನ ಕಡೆಗೆ ನೋಡಲಿಲ್ಲ. ಕೂಸನ್ನು ಸೆರಗಿನೊಳಗೆ ಹಾಕಿಕೊಂಡು ಓಣಿಯ ಮನೆಗೆ ನಡೆದಳು, ಅದೇ ಖೋಲಿಗೆ. ತ್ರ್ಯಂಬಕನೇ ಗೇಟಿನ ಚಿಲಕ ತೆಗೆದುಕೊಟ್ಟ.

ಮರುದಿನ ಗಂಗಪ್ಪ ಗರಸಿನ ಗಾಡಿ ಹೊಡೆದುಕೊಂಡು ಬಂದ. "ನಾ ಹೇಳಿದ್ದೆ," ಎನ್ನಲಿಲ್ಲ, ಅಂದಿದ್ದರೆ ಒಳ್ಳೆಯದಿತ್ತು. ಬುಟ್ಟಿ ತುಂಬಿ ಕೊಟ್ಟ. ತ್ರ್ಯಂಬಕ ಸುರಿದ. ಸಂಜೆಯವರೆಗೂ ಸುರಿದ.

ಸೂತಕ ಕಳೆದ ಮೇಲೆ ರಘೋತ್ತಮರಾಯರು ವಿದ್ಯಾನಗರದ ಇನ್ನೂ ಕೆಲವರೊಡನೆ ಬಂದರು. ಖುರ್ಚಿಯ ತುದಿಯಲ್ಲಿ ಕೂತರು.

"ಜೋಶಿಯವರ, ತಪ್ಪು ತಿಳೀಬ್ಯಾಡ್ರಿ. ಮಂದಿ ಏನೇನೋ ಮಾತಾಡ್ಲಿಕ್ಕೆ ಹತ್ಯಾರ. ನೆಲಾ ಪೊಳ್ಳಂತ, ಹಗೇವಂತ. ಇಲ್ಲಿ ಇನ್ನೂ ಪ್ಲಾಟು ಖಾಲಿ ಅವ. ನಾಳೆ ಯಾರು ತಗೋತಾರ? ಕೇಳಿದವರಿಗೆ ಬಚ್ಚಲದಾಗ ಕಾಲು ಜಾರಿತು ಅಂತ ಅಂದ್ರ ಸಾಕು. ಅದು ಸುಳ್ಳೂ ಅಲ್ಲ."

ತ್ರ್ಯಂಬಕ ಕಿಟಕಿಯ ಕಟ್ಟೆಯ ಮೇಲೆ ಬಿದ್ದ ಬಿಸಿಲನ್ನು ನೋಡುತ್ತಿದ್ದ. ಹೌದು, ಸುಳ್ಳಲ್ಲ ಎಂದುಕೊಂಡ. ಅವರು ಒಪ್ಪಿಗೆಯೆಂದು ತಿಳಿದು ಎದ್ದು ಹೋದರು. ಹೋಗುವಾಗ ಗೇಟಿನ ಚಿಲಕ ಹಾಕಿದರು.

ಮತ್ತೆ ಬಸ್ಸು ಹತ್ತಿದ ದಿನ ಬೈಲಹೊಂಗಲದ ಅಂಚು ಇನ್ನಷ್ಟು ಮುಂದೆ ಸರಿದಿತ್ತು. ಸವದತ್ತಿಯಲ್ಲಿ ಒಂದು ಸಾಲುಮನೆಗೆ ಹಳೆಯ ಬಾಗಿಲು ತೆಗೆದು ತಗಡಿನ ಬಾಗಿಲು ಹಾಕಿದ್ದರು. ಇಳಿಹೊತ್ತಿಗೆ ರಾಮದುರ್ಗದ ಅಂಚು ಬಂತು. ರಹಿಮಾನಸಾಬ ಹಾರ್ನಿನ ಮೇಲಿಂದ ಕೈ ತೆಗೆದಿದ್ದ.

ತ್ರ್ಯಂಬಕ ಗಂಟೆ ಎಳೆದು ಕೂಗಿದ. "ಹಗೇವಿನ ಬಯಲಾ! ಯಾರ್ರಿ ಇಳಿಯೋರು, ಹಗೇವಿನ ಬಯಲಾ!"

ಮುಂದಿನ ಸೀಟಿನಲ್ಲಿದ್ದ ರಘೋತ್ತಮರಾಯರು ಚೀಲ ಹಿಡಿದು ಎದ್ದರು. ಅವರ ಪಕ್ಕದಲ್ಲಿ ಪ್ಲಾಟು ನೋಡಲು ಬಂದ ಹೊಸಬನೊಬ್ಬನಿದ್ದ.

"ವಿದ್ಯಾನಗರ ಅನ್ರಿ, ಜೋಶಿಯವರ," ಎಂದರು ಮೆಲ್ಲಗೆ.

"ಹಗೇವಿನ ಬಯಲಾ!" ಎಂದು ಅವನು ಮತ್ತೆ ಕೂಗಿದ, ಟಾಪಿನ ಮೇಲೆ ಕೂತವರಿಗೂ ಕೇಳುವ ಹಾಗೆ. "ಕೆಳಗ ನೋಡಿಕೋತ ಇಳೀರಿ."

ಹೊಸಬ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟು, ಇನ್ನೊಂದನ್ನು ನೆಲಕ್ಕೆ ಇಡದೆ, ತ್ರ್ಯಂಬಕನ ಮುಖವನ್ನೇ ನೋಡುತ್ತ ನಿಂತ.